ನಲ್ಲಿ ಮುಟ್ಟುವ ಮುಂಚೆ

ಅಳಿಯ ಫೋನು ಮಾಡಿದಾಗ ನಾನು ಸೊಪ್ಪಿನ ಹೊರೆ ಇಳಿಸಿ ಜಗಲಿಯ ಗೋಡೆಗೆ ಒರಗಿದ್ದೆ. ಮಗಳು ಜಯಶೀಲಳಿಗೆ ಏಳು ತಿಂಗಳು ತುಂಬಿತ್ತು. ಹೆರಿಗೆಗೆ ಯಾವತ್ತು ಕರೆದುಕೊಂಡು ಬರಲಿ ಅಂತ ಕೇಳುವುದಕ್ಕೇ ಮಾಡಿದ್ದಾನೆ ಅಂದುಕೊಂಡು ಸಂತೋಷವಾಗಿಯೇ ಎತ್ತಿದೆ. ಅವನು ಸೊಪ್ಪು ಹೇಗಿದೆ, ಕುರಿ ಹೇಗಿವೆ ಅಂತ ಸುತ್ತಿ ಬಳಸಿ ಮಾತಾಡಿ ಕೊನೆಗೆ ಮೆತ್ತಗೆ ವಿಷಯಕ್ಕೆ ಬಂದ.

"ಅತ್ತೆ, ಮನೆ ವೈರಿಂಗ್ ಒಂದ್ಸಲ ಯಾರ್ಗಾದ್ರೂ ತೋರಿಸ್ಬುಡಿ. ಅದಾದ್ಮೇಲೆ ಕಳಿಸ್ತೀವಿ."

ನನಗೆ ಮೈಯೆಲ್ಲ ಉರಿದುಹೋಯಿತು. ಚೊಚ್ಚಲ ಹೆರಿಗೆ ತವರಿನಲ್ಲಾಗುವುದಕ್ಕೆ ಯಾರ ಅಪ್ಪಣೆ ಬೇಕು? ಒಳಕೋಣೆಗೆ ಆಗಲೇ ಸುಣ್ಣ ಹೊಡೆಸಿದ್ದೆ. ಮಗುವಿಗೆಂದು ಹಳೇ ಸೀರೆಗಳನ್ನು ಒಗೆದು, ಹರಿದು, ಮಡಿಸಿಟ್ಟಿದ್ದೆ. ಈಗ ನಮ್ಮ ಮನೆ ಪಾಸೋ ಫೇಲೋ ನೋಡಿಕೊಂಡು ಆಮೇಲೆ ಕಳಿಸುತ್ತಾರಂತೆ. ಇದು ಅಳಿಯನ ಮಾತಲ್ಲ, ಅವನ ತಾಯಿ ಹನುಮಂತಮ್ಮ ಹೇಳಿಸಿದ್ದು ಅಂತ ಅಲ್ಲೇ ತೀರ್ಮಾನ ಮಾಡಿಬಿಟ್ಟೆ. ಅವರದು ಕನಕಪುರದ ಹತ್ತಿರ ಹೊಸದಾಗಿ ಕಟ್ಟಿಸಿದ ತಾರಸಿ ಮನೆ. ಹೊಸ ಮನೆ ಕಟ್ಟಿಸಿದವರಿಗೆ ಮಿಕ್ಕವರದೆಲ್ಲ ಗುಡಿಸಲಾಗಿ ಕಾಣುತ್ತದೆ.

ಹಾಗಂತ ನಮ್ಮ ಮನೆಯ ಕರೆಂಟು ಸಾಧುವೇನೂ ಅಲ್ಲ. ನಾನು ಸೊಸೆಯಾಗಿ ಹೊಂಗನೂರಿಗೆ ಬಂದ ಮಾರನೆಯ ದಿನವೇ ಅತ್ತೆ ತಿಮ್ಮಮ್ಮ ಕೈಹಿಡಿದು ಮನೆಯೆಲ್ಲ ತೋರಿಸಿದ್ದರು. ದೇವರ ಮೂಲೆ ಇಲ್ಲಿ, ರಾಗಿ ತುಂಬಿಡುವ ವಾಡೆ ಇಲ್ಲಿ, ಮೋಟರು ಓಡುವಾಗ ಬಚ್ಚಲ ನಲ್ಲಿ ಮುಟ್ಟಬೇಡ, ಜುಮ್ ಅನ್ನುತ್ತದೆ. ಮುಟ್ಟಲೇಬೇಕಾದರೆ ಮಣೆ ಮೇಲೆ ನಿಂತುಕೊಂಡು ಮೊದಲು ಬೆರಳ ಹಿಂಭಾಗ ತಾಗಿಸಿ ನೋಡು. ಮಳೆಗಾಲದಲ್ಲಿ ರೇಷ್ಮೆ ಹುಳದ ಮನೆಯ ಕಬ್ಬಿಣದ ಕಂಬಕ್ಕೆ ಒರಗಬೇಡ. ಇಷ್ಟನ್ನು ಒಲೆ ಹಚ್ಚುವುದು ಹೇಗೆ ಅಂತ ಹೇಳಿಕೊಟ್ಟಷ್ಟೇ ಸಲೀಸಾಗಿ ಹೇಳಿಕೊಟ್ಟರು, ನಾನೂ ಅಷ್ಟೇ ಸಲೀಸಾಗಿ ಕಲಿತೆ.

ಅದನ್ನೇ ಜಯಶೀಲಳಿಗೂ ಕಲಿಸಿದೆ. ಅ ಆ ಇ ಈ ಬರುವುದಕ್ಕೆ ಮೊದಲೇ ಅವಳಿಗೆ ಅದು ಬಂತು. ಅಂಗೈಯಷ್ಟು ಮಗು ಮಣೆ ಎಳೆದುಕೊಂಡು ಬಂದು, ಮೇಲೆ ಹತ್ತಿ, ಬೆರಳು ಮಡಿಸಿ ನಲ್ಲಿಗೆ ತಾಗಿಸುವುದನ್ನು ನೋಡಿ ಬಂದವರೆಲ್ಲ ಜಾಣೆ ಅನ್ನುತ್ತಿದ್ದರು. ನಾನೂ ಹಿಗ್ಗುತ್ತಿದ್ದೆ. ಮನೆಯಲ್ಲಿ ಯಾರಿಗೂ ಏನೂ ಆಗಿರಲಿಲ್ಲ. ಒಂದು ಮಳೆಗಾಲದಲ್ಲಿ ಮಾತ್ರ ಆ ಕಂಬದ ಬುಡದಲ್ಲಿ ಕುರಿಮರಿಯೊಂದು ಸತ್ತು ಬಿದ್ದಿತ್ತು. ಹಾವು ಮುಟ್ಟಿರಬೇಕು ಅಂದರು ನಮ್ಮ ಯಜಮಾನರು, ನಾವೆಲ್ಲ ಹೂಂ ಅಂದೆವು.

ಯಜಮಾನರು ಅಂದರೆ ಬೀರಯ್ಯ. ಅಳಿಯನ ಮಾತನ್ನು ಅವರ ಕಿವಿಗೆ ಹಾಕಿದ್ದೇ ತಡ, ಬಾಯಲ್ಲಿದ್ದ ಎಲೆ ಅಡಿಕೆ ಉಗಿದು ಶುರುಮಾಡಿದರು. ಅಪ್ಪ ಕಟ್ಟಿಸಿದ ಮನೆಯಂತೆ, ಇಷ್ಟು ವರ್ಷ ಒಂದು ಹೆಣ ಬಿದ್ದಿಲ್ಲವಂತೆ, ಈಗ ಬೀಗರು ಬಂದು ಕರೆಂಟು ಕಲಿಸುತ್ತಾರಂತೆ. ತೋರಿಸಿದರೆ ಬಂದವನು ಏನೂ ಇಲ್ಲ ಅಂತ ಹೇಳಿ ಹೋಗುತ್ತಾನೆಯೇ? ಆಸ್ಪತ್ರೆಗೆ ಹೋದವರಿಗೆ ಕಾಯಿಲೆ ಸಿಗದೆ ಇರುತ್ತದೆಯೇ? ಗೋಡೆ ಒಡೆಸುತ್ತಾನೆ, ಎಲ್ಲ ಕಿತ್ತು ಹಾಕುತ್ತಾನೆ. ಹೀಗೆ ಕತ್ತಲಾಗುವವರೆಗೂ ಒಂದೇ ರಾಗ. ನಿಜ ಹೇಳಬೇಕೆಂದರೆ ಅರ್ಧದಷ್ಟು ನನಗೂ ಸರಿ ಅನ್ನಿಸಿತು.

ಅದೂ ಅಲ್ಲದೆ ಹುಳ ನಾಲ್ಕನೇ ಜ್ವರದಲ್ಲಿದ್ದವು. ರೇಷ್ಮೆ ಹುಳ ಪೊರೆ ಬಿಡುವುದಕ್ಕೆ ಸೊಪ್ಪು ತಿನ್ನದೆ ಮಲಗುವುದನ್ನು ನಾವು ಜ್ವರ ಅನ್ನುತ್ತೇವೆ. ಹುಳ ಮನೆಯಲ್ಲಿರುವಾಗ ಹೊರಗಿನವರನ್ನು ಒಳಗೆ ಬಿಡುವ ಹಾಗಿಲ್ಲ, ರೋಗ ತಗುಲಿದರೆ ಬೆಳೆಯೇ ಹೋಗುತ್ತದೆ. ವೈರು ಎಲ್ಲ ಹಾದುಹೋಗಿರುವುದೋ ಹುಳದ ಮನೆಯ ಮೇಲೆಯೇ. ಈ ಬೆಳೆ ಮುಗಿಯಲಿ ಅಂದರು. ಈ ಬೆಳೆ ಮುಗಿಯಲಿ ಅನ್ನುವ ಮಾತನ್ನು ನಾನು ಈ ಮನೆಯಲ್ಲಿ ಎಷ್ಟು ಕೇಳಿದ್ದೇನೋ ಲೆಕ್ಕವಿಲ್ಲ. ಸೋರುವ ಹೆಂಚು ಬದಲಾಯಿಸುವುದಕ್ಕೂ ಅದೇ, ನನ್ನ ಸೊಂಟ ತೋರಿಸುವುದಕ್ಕೂ ಅದೇ. ಒಂದು ಬೆಳೆಯ ಗೂಡು ರಾಮನಗರದ ಮಾರ್ಕೆಟ್ಟಿಗೆ ಹೋಗುವಷ್ಟರಲ್ಲಿ ಮುಂದಿನ ಬೆಳೆಯ ಮರಿಹುಳ ಬಂದು ಕೂತಿರುತ್ತವೆ.

ಗೂಡು ಮಾರ್ಕೆಟ್ಟಿಗೆ ಹೋದ ದಿನ ನಾನು ಕನಕಪುರದ ದಾರಿ ಹಿಡಿದೆ. ಹನುಮಂತಮ್ಮನನ್ನು ಎದುರೆದುರೇ ಕೇಳಿಯೇ ಬಿಡುತ್ತೇನೆ ಅಂತ ಹಟ. ಚನ್ನಪಟ್ಟಣಕ್ಕೆ ಒಂದು ಬಸ್ಸು, ರಾಮನಗರಕ್ಕೆ ಒಂದು, ಅಲ್ಲಿಂದ ಇನ್ನೊಂದು. ದಾರಿಯುದ್ದಕ್ಕೂ ಏನೇನು ಅನ್ನಬೇಕು ಅಂತ ಮನಸ್ಸಿನಲ್ಲೇ ಜೋಡಿಸಿಕೊಂಡೆ. ಮೂರನೇ ಬಸ್ಸಿನಲ್ಲಿ ಸೀಟು ಸಿಗದೆ ನಿಂತು ನಿಂತು ಕಾಲು ಬಿದ್ದುಹೋಯಿತು. ಇಳಿಯುವ ಹೊತ್ತಿಗೆ ಜಗಳಕ್ಕೂ ತ್ರಾಣ ಉಳಿದಿರಲಿಲ್ಲ.

ಬೀಗಿತ್ತಿ ಅಂಗಳದಲ್ಲಿ ರಾಗಿ ಕೇರುತ್ತಿದ್ದವರು ಮೊರ ಕೆಳಗಿಟ್ಟು, ಬನ್ನಿ ಅಕ್ಕ ಅಂತ ಒಳಗೆ ಕರೆದರು. ಜಯಶೀಲ ಹಿಂದಿನ ಬಚ್ಚಲಲ್ಲಿದ್ದಾಳೆ ಅಂದರು. ನಾನು ನೇರ ಅಲ್ಲಿಗೇ ಹೋದೆ. ಮನೆಯ ಹಿಂದೆ ಮೋಟರು ಗುಂಯ್ ಅನ್ನುತ್ತಿತ್ತು. ಮಗಳು ತುಂಬಿದ ಹೊಟ್ಟೆ ಹೊತ್ತು ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತಿದ್ದಳು. ಯಾರೋ ಕರೆದರು ಅಂತ ಆ ಕಡೆ ತಿರುಗಿ ಮಾತಾಡುತ್ತಲೇ, ನೋಡದೆಯೇ, ಒದ್ದೆ ಕೈ ಚಾಚಿ ನಲ್ಲಿ ಹಿಡಿದು ತಿರುಗಿಸಿಬಿಟ್ಟಳು. ನನ್ನ ಬಾಯಿಂದ ಹೊರಟ ಕೂಗಿಗೆ ಹನುಮಂತಮ್ಮ ಓಡಿ ಬಂದರು. ನಾನು ಅಲ್ಲೇ ಬಾಗಿಲಲ್ಲಿ ಕುಕ್ಕರಿಸಿದೆ.

ಜಯಶೀಲ ಹತ್ತಿರ ಬಂದು ಕಷ್ಟಪಟ್ಟು ಪಕ್ಕದಲ್ಲಿ ಕೂತಳು. ಆ ಒದ್ದೆ ಕೈಯಲ್ಲೇ ನನ್ನ ಬೆನ್ನು ಸವರಿದಳು.

"ಇಲ್ಲಿ ಏನೂ ಆಗಲ್ಲ ಕಣವ್ವ."

ಉಸಿರು ಹತೋಟಿಗೆ ಬಂದ ಮೇಲೆ ನನ್ನ ಸಿಟ್ಟೂ ವಾಪಸು ಬಂತು. ಬೀಗಿತ್ತಿಯ ಕಡೆ ತಿರುಗಿ, ಹೆಣ್ಣು ಕೊಟ್ಟ ಮನೆಯನ್ನು ಹೀಗೆ ಪರೀಕ್ಷೆ ಮಾಡುವುದು ಯಾವ ಊರಿನ ಪದ್ಧತಿ ಅಂತ ಕೇಳಿಯೇಬಿಟ್ಟೆ. ಹನುಮಂತಮ್ಮ ನನ್ನ ಮುಖ ನೋಡಿದರು, ಸೊಸೆಯ ಮುಖ ನೋಡಿದರು, ಕಾಫಿಗೆ ಇಡುತ್ತೇನೆ ಅಂತ ಒಳಗೆ ಹೋದರು.

"ಅವ್ರ್ಯಾರೂ ಹೇಳಿಲ್ಲ ಕಣವ್ವ," ಅಂದಳು ಮಗಳು. "ನಾನೇ ಹೇಳ್ಸಿದ್ದು. ಅಪ್ಪಂಗೆ ನಾನು ಹೇಳಿದ್ರೆ ಕೇಳ್ತದಾ? ಬೀಗ್ರು ಅಂದ್ರಾದ್ರೂ ಕೇಳ್ತದೆ ಅನ್ಕೊಂಡೆ."

ನಿನಗೆಲ್ಲ ಹೇಳಿಕೊಟ್ಟಿದ್ದೆನಲ್ಲ, ನೀನು ಯಾವತ್ತಾದರೂ ತಪ್ಪಿದ್ದುಂಟೇ ಅಂದೆ. ಅವಳು ಸೆರಗಿನ ತುದಿ ಬೆರಳಿಗೆ ಸುತ್ತುತ್ತಾ ಒಂದೊಂದೇ ಹೇಳಿದಳು. ಚಿಕ್ಕಂದಿನಿಂದಲೂ ಅವಳಿಗೆ ನಮ್ಮ ಬಚ್ಚಲೆಂದರೆ ಹೆದರಿಕೆಯಂತೆ. ಶಾಲೆಯಲ್ಲಿ ಕೂತಾಗಲೂ, ಅವ್ವ ಈಗ ನಲ್ಲಿ ಮುಟ್ಟಿರಬಹುದು, ಮಣೆ ಹಾಕಿಕೊಂಡಳೋ ಇಲ್ಲವೋ ಅನ್ನಿಸುತ್ತಿತ್ತಂತೆ. ಮನೆಗೆ ಬರುವಾಗ ನಾನು ಜಗಲಿಯ ಮೇಲೆ ಕಂಡರೆ ಮಾತ್ರ ಜೀವಕ್ಕೆ ಸಮಾಧಾನವಂತೆ. ಎಲ್ಲರ ಮನೆಯಲ್ಲೂ ಕರೆಂಟು ಹೀಗೇ ಅಂತ ತಿಳಿದಿದ್ದವಳಿಗೆ, ಮದುವೆಯಾಗಿ ಇಲ್ಲಿಗೆ ಬಂದು ನೆಲದ ಮೇಲೆ ನಿಂತು ನಲ್ಲಿ ಮುಟ್ಟಿದ ಮೇಲೆಯೇ ಗೊತ್ತಾದದ್ದು.

"ಹೇಳಿದ್ರೆ ಜಾಣೆ ಅಲ್ಲ ಅಂತೀರ ಅಂತ ಹೇಳ್ಲಿಲ್ಲ ಕಣವ್ವ. ಹೇಳು, ಈ ಮಗೀಗೂ ಆ ಪಾಠ ಹೇಳ್ಕೊಡ್ಬೇಕಾ?"

ಹನುಮಂತಮ್ಮ ಕಾಫಿ ತಂದುಕೊಟ್ಟರು. ಅದು ಬಿಸಿಯೋ ತಣ್ಣಗೋ ನನಗೆ ಗೊತ್ತಾಗಲಿಲ್ಲ. ನಾನು ಬೆಳೆಸಿದ ಮಗಳು, ನನ್ನ ಪಕ್ಕದಲ್ಲೇ ಮಲಗುತ್ತಿದ್ದವಳು. ಅಷ್ಟು ವರ್ಷ ಅವಳು ಹೆದರಿಕೊಂಡೇ ಬೆಳೆದಳು, ನಾನು ಅದನ್ನು ಜಾಣತನ ಅಂದುಕೊಂಡೆ.

ಊರಿಗೆ ವಾಪಸು ಬಂದಾಗ ಯಜಮಾನರು ಕುರಿಗಳನ್ನು ದೊಡ್ಡಿಗೆ ಕೂಡುತ್ತಿದ್ದರು. ಏನಂದಳು ನಿನ್ನ ಬೀಗಿತ್ತಿ ಅಂತ ಅಲ್ಲಿಂದಲೇ ಕೇಳಿದರು. ಬೀಗಿತ್ತಿ ಏನೂ ಅನ್ನಲಿಲ್ಲ, ಅಂದಿದ್ದು ನಿಮ್ಮ ಮಗಳು ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕೇಳಿಸಿಕೊಂಡರು. ದೊಡ್ಡಿಯ ಬಾಗಿಲು ಹಾಕಿ ಬಂದು, ಕೈ ತೊಳೆದು, ನಾಳೆ ಮರಿಹುಳ ತರುತ್ತೇನೆ, ಈ ಬೆಳೆ ಒಂದು ಮುಗಿಯಲಿ ಅಂದರು.

"ತಂದ್ರೆ ನೀವೇ ಸೊಪ್ಪು ಹಾಕ್ಕೊಳಿ," ಅಂದೆ. "ಮನೆ ತೋರ್ಸೋಗಂಟ ನಾನು ಹುಳದ ಮನೆ ಒಳೀಕೆ ಕಾಲಿಡಲ್ಲ."

"ತಲೆ ಗಿಲೆ ಕೆಟ್ಟದಾ ಅಮ್ಮಿ?"

ಜಗಳ ಆಡಲಿಲ್ಲ. ಆಡುವುದಕ್ಕೆ ಮೈಯಲ್ಲಿ ಶಕ್ತಿಯೂ ಇರಲಿಲ್ಲ. ಒಳಗೆ ಹೋಗಿ ಮಲಗಿಬಿಟ್ಟೆ. ಮಾರನೆಯ ದಿನ ಸೊಪ್ಪಿಗೂ ಹೋಗಲಿಲ್ಲ, ಹುಳದ ತಟ್ಟೆ ತೊಳೆಯುವುದಕ್ಕೂ ಏಳಲಿಲ್ಲ. ಅಷ್ಟು ವರ್ಷದಲ್ಲಿ ಹಗಲು ಹೊತ್ತು ನಾನು ಮಲಗಿದ್ದನ್ನು ಅವರು ಕಂಡಿರಲಿಲ್ಲ. ನಾನಿಲ್ಲದೆ ಬೆಳೆ ಏಳುವುದಿಲ್ಲ ಅಂತ ಅವರಿಗೆ ಗೊತ್ತು, ಬಾಯಲ್ಲಿ ಹೇಳುವವರಲ್ಲ. ಬಾಗಿಲಲ್ಲಿ ಒಂದೆರಡು ಸಲ ನಿಂತು ಹೋದರು. ಆಮೇಲೆ ಜಗಲಿಯಲ್ಲಿ ಕೂತು ಯಾರಿಗೋ ಫೋನು ಮಾಡಿ, ಚನ್ನಪಟ್ಟಣದಲ್ಲಿ ವೈರಿಂಗ್ ಮಾಡುವ ರಸೂಲನ ನಂಬರು ಕೇಳುತ್ತಿದ್ದುದು ಕಿವಿಗೆ ಬಿತ್ತು.

ರಸೂಲ್ ಬಂದು ಹೆಂಚಿನ ಕೆಳಗೆಲ್ಲ ಟಾರ್ಚು ಬಿಟ್ಟು ನೋಡಿದ. ಹುಳದ ಮನೆಯ ಮೇಲೆ ಇಲಿ ಕಡಿದು ವೈರು ಬರಿಮೈಯಾಗಿತ್ತು, ಆ ಕಬ್ಬಿಣದ ಕಂಬಕ್ಕೆ ಅದು ತಾಗಿಕೊಂಡೇ ಇತ್ತು. ಯಜಮಾನರು ಕುರಿಮರಿಯ ವಿಷಯ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆಮೇಲೆ ರಸೂಲ್ ಮನೆಯ ಹಿಂದೆ ಹೋಗಿ, ಮೀಟರ್ ಬೋರ್ಡಿನಿಂದ ನೆಲಕ್ಕೆ ಇಳಿಯಬೇಕಾದ ತಂತಿ ಎಲ್ಲಿ ಅಂತ ಕೇಳಿದ. ಎಲ್ಲಾದರೂ ಕರೆಂಟು ಸೋರಿದರೆ ಅದು ಭೂಮಿಗೆ ಇಳಿಯುವ ದಾರಿಯಂತೆ ಅದು. ಯಜಮಾನರು ತಲೆ ಕೆರೆದುಕೊಂಡು ಕುರಿದೊಡ್ಡಿಯ ಬಾಗಿಲ ಕಡೆ ನೋಡಿದರು. ಬಾಗಿಲನ್ನು ಕಂಬಕ್ಕೆ ಬಿಗಿದಿದ್ದ ದಪ್ಪ ತಂತಿ ಅದೇ. ನಮ್ಮ ಮದುವೆಗೂ ಮುಂಚೆ ಒಂದು ದಿನ, ಯಾವ ಲೈಟಿಗೂ ಹೋಗದೆ ಸುಮ್ಮನೆ ನೆಲದಲ್ಲಿ ಹೂತಿದೆಯಲ್ಲ, ದಂಡ ಅಂತ ಕಿತ್ತಿದ್ದರಂತೆ. ರಸೂಲ್ ನಗಲಿಲ್ಲ. ಯಜಮಾನರು ಹೋಗಿ ದೊಡ್ಡಿಯ ಮುಂದೆ ಕಲ್ಲಿನ ಮೇಲೆ ಕೂತವರು ಊಟಕ್ಕೂ ಏಳಲಿಲ್ಲ.

ಗೋಡೆ ಒಡೆದರು, ಹೊಸ ವೈರು ಎಳೆದರು, ಗುಂಡಿ ತೋಡಿ ತಂತಿ ಇಳಿಸಿದರು, ಮೋಟರನ್ನೂ ಬಿಚ್ಚಿಕೊಂಡು ಹೋಗಿ ರಿಪೇರಿ ಮಾಡಿಸಿ ತಂದರು. ಮನೆಯೆಲ್ಲ ಧೂಳು. ಒಂದು ಬೆಳೆ ತಪ್ಪಿತು. ರಸೂಲ್ ಎಲ್ಲ ಮುಗಿಸಿ ಮೀಟರು ಹಿಡಿದು ಒಂದೊಂದನ್ನೂ ಪರೀಕ್ಷಿಸಿ, ಇನ್ನು ಭಯವಿಲ್ಲ ಅಂತ ಹೇಳಿ ಹೋದ.

ಜಯಶೀಲ ಅಳಿಯನ ಜೊತೆ ಬಂದಳು. ಬ್ಯಾಗು ಜಗಲಿಯ ಮೇಲೇ ಇರಲಿ ಅಂದಳು, ಒಳಗೆ ತರಲಿಲ್ಲ. ನೀರು ಕುಡಿದು, ಮನೆಯೆಲ್ಲ ಸುತ್ತಿ, ಹೊಸ ಬೋರ್ಡು ನೋಡಿ, ಚೆನ್ನಾಗಿದೆ ಅಂದು ಬಚ್ಚಲ ಬಾಗಿಲಿಗೆ ಬಂದು ನಿಂತಳು. ಅಲ್ಲಿಂದ ಮುಂದಕ್ಕೆ ಕಾಲು ಬರಲಿಲ್ಲ. ಒಣಗಿದ್ದ ಕೈಯನ್ನೇ ಮತ್ತೆ ಮತ್ತೆ ಸೀರೆಗೆ ಒರೆಸುತ್ತಿದ್ದಳು. ವಾಪಸು ಹೊರಟೇಬಿಡುತ್ತಾಳೆ ಅನ್ನಿಸಿತು ನನಗೆ.

ಮೋಟರು ಹಾಕಿ ಅಂತ ಯಜಮಾನರಿಗೆ ಕೂಗಿ ಹೇಳಿದೆ. ಹಾಕಲಾ ಅಂತ ಹಿಂದಿನಿಂದ ಒಂದು ಸಲ ಕೇಳಿದರು, ಮತ್ತೊಂದು ಸಲ ಕೇಳಿದರು. ಹಾಕಿ ಅಂದೆ. ಮೋಟರು ಓಡತೊಡಗಿತು. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ನಲ್ಲಿಯ ಕಡೆ ಕೈ ಚಾಚಿದೆ. ನನ್ನ ಬೆರಳು ತಾನಾಗಿ ಮಡಿಸಿಕೊಂಡಿತು. ಬಿಡಿಸಿಕೊಂಡೆ. ಕಣ್ಣು ಮುಚ್ಚಿ, ಅಂಗೈ ತುಂಬ ನಲ್ಲಿ ಹಿಡಿದೆ. ತಣ್ಣಗಿತ್ತು, ಅಷ್ಟೇ.

ಕಣ್ಣು ಬಿಟ್ಟಾಗ ಜಯಶೀಲ ನಲ್ಲಿಯನ್ನು ನೋಡುತ್ತಿರಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದಳು.

"ನಿಂಗೂ ಹೆದ್ರಿಕೆ ಆಯ್ತಿತ್ತಾ ಅವ್ವ?"

"ದಿನಾ ಕಣವ್ವ," ಅಂದೆ.

ಅವಳು ಒಳಗೆ ಬಂದು, ನನ್ನ ಹೆಗಲ ಮೇಲೆ ತಲೆಯಿಟ್ಟು, ದೊಡ್ಡ ಹೊಟ್ಟೆ ನನ್ನ ಪಕ್ಕೆಗೆ ಒತ್ತುವಂತೆ ನಿಂತು ಅತ್ತಳು. ಅಳು ನಿಂತ ಮೇಲೆ ಮೂಗು ಒರೆಸಿಕೊಂಡು, ಜಗಲಿಯ ಮೇಲೆ ಕಾಯುತ್ತಿದ್ದ ಗಂಡನಿಗೆ ಅಲ್ಲಿಂದಲೇ ಕೂಗಿ ಹೇಳಿದಳು.

"ರೀ, ಬ್ಯಾಗು ಒಳೀಕೆ ಇಟ್ಬುಟ್ಟು ನೀವು ಹೊರಡಿ."