ಹಲ್ಲಿಗೆ ಕೇಳಿದ ಸದ್ದು

"ಆರಿಸೇ ಮಾರಾಯ್ತಿ, ಸಾಕು. ನನ್ನ ಕಿವಿ ಕಲ್ಲಾಗಿದೆ. ಕಲ್ಲಿನ ಮುಂದೆ ಸಂಗೀತ ಕಚೇರಿ ಮಾಡಿದ್ರೆ ಏನ್ ಬಂತು?" ಎಂದ ಕ್ಲಾರಿ.

ಬೆರಿಲ್ ಎಂಜಿನ್ ನಿಲ್ಲಿಸಲಿಲ್ಲ. ಬ್ರೋಕನ್ ಹಿಲ್ ಊರಿನಾಚೆಯ ಕುರಿ ಫಾರ್ಮಿನಲ್ಲಿ ಮೂವತ್ತು ವರ್ಷ ಕೋಳಿಗೂಡಾಗಿದ್ದ ಈ ಹೋಲ್ಡನ್ ಕಾರನ್ನು ಅವಳು ಮನೆಗೆ ಎಳೆಸಿ ತಂದಿದ್ದಳು. ಎರಡು ವರ್ಷ ತುಕ್ಕು ಕೆರೆದು, ಬಣ್ಣ ಬಳಿದು, ಸೀಟುಗಳನ್ನು ತಾನೇ ಹೊಲಿದಿದ್ದಳು. ಈಗ ಎಂಜಿನ್ ಓಡುತ್ತಿತ್ತು, ಆದರೆ ಒಳಗೆ ಯಾರೋ ಸುತ್ತಿಗೆ ಹಿಡಿದು ಕೂತಂತೆ ಡಗ್ ಡಗ್ ಬಡಿತ. ಬೇರಿಂಗ್ ಹೋಗಿದೆ, ಇಂಥ ಎಂಜಿನ್ ಬಿಚ್ಚುವುದಕ್ಕಿಂತ ಗುಜರಿಗೆ ಹಾಕುವುದೇ ಲೇಸು ಎಂದು ಗ್ಯಾರೇಜಿನವರು ಹೇಳಿದ್ದರು.

ಒಂದು ಕಾಲದಲ್ಲಿ ಕಾರು ಬೀದಿಯ ತಿರುವಿನಲ್ಲಿರುವಾಗಲೇ ಸದ್ದಿನಿಂದಲೇ ಅದರ ರೋಗ ಹೇಳುತ್ತಿದ್ದ ಮೆಕ್ಯಾನಿಕ್ ಈ ಕ್ಲಾರಿ. ಕಿವಿ ಹೋದ ಮೇಲೆ ಆರು ವರ್ಷ ನಟ್ಟು ಬಿಚ್ಚುವ ಪಾನಾ ಮುಟ್ಟಿರಲಿಲ್ಲ. ಬೆರಿಲ್ ಅವನನ್ನು ಚಹಾದ ನೆಪದಲ್ಲಿ ಕರೆಸಿದ್ದಳು.

ಅವಳು ಮುಂಗಾಜಿನ ಕೆಂಧೂಳಿನ ಮೇಲೆ ಬೆರಳಿನಿಂದ ಬರೆದಳು: 'ಮುಟ್ಟಿಯಾದ್ರೂ ನೋಡು, ಮುದುಕ.'

ಕ್ಲಾರಿ ಎಂಜಿನ್ ಮೇಲೆ ಅಂಗೈ ಇಟ್ಟ. ಎಲ್ಲವೂ ಒಟ್ಟಿಗೆ ನಡುಗುತ್ತಿತ್ತು, ಏನೂ ತಿಳಿಯಲಿಲ್ಲ. ಅವನು ಸರಸರನೆ ಹೋಗಿ ಪೊರಕೆಯ ಮರದ ಹಿಡಿ ಕಳಚಿ ತಂದ. ಒಂದು ತುದಿಯನ್ನು ಎಂಜಿನ್‌ಗೆ ಒತ್ತಿ, ಇನ್ನೊಂದನ್ನು ಹಲ್ಲಿನಲ್ಲಿ ಕಚ್ಚಿದ.

"ಊಟ ಮಾಡ್ಕೊಂಡ್ ಬಂದಿಲ್ವಾ?" ಎಂದು ಬೆರಿಲ್ ನಕ್ಕಳು.

ಅವನು ನಗಲಿಲ್ಲ. ಕಣ್ಣರಳಿಸಿ ಕೋಲನ್ನು ಇಂಚಿಂಚು ಸರಿಸಿದ. ಬೇರಿಂಗ್ ಇರುವ ತಳಭಾಗದಲ್ಲಿ ಬಡಿತ ಎಲ್ಲೋ ದೂರದ್ದು. ಎಂಜಿನ್ನಿನ ಪಕ್ಕಕ್ಕಿದ್ದ, ಪೆಟ್ರೋಲು ಹೀರಿಕೊಡುವ ಪುಟ್ಟ ಪಂಪಿಗೆ ತಾಗಿಸಿದಾಗ ತಲೆಬುರುಡೆಯೇ ಅದುರಿತು.

"ಆರಿಸು," ಎಂದ. ದನಿ ಬದಲಾಗಿತ್ತು. "ಬೇರಿಂಗಲ್ಲ, ಮಣ್ಣೂ ಅಲ್ಲ. ಪಾನಾ ಕೊಡು."

ಪಂಪ್ ಬಿಚ್ಚಿದರೆ ಅದರ ಸನ್ನೆಗೋಲಿನ ಸ್ಪ್ರಿಂಗ್ ಎರಡು ತುಂಡು. ಪಂಪಿಲ್ಲದೆಯೇ ಓಡಿಸಿ ನೋಡಲು ಕಾರ್ಬುರೇಟರಿನಲ್ಲಿ ಉಳಿದಿದ್ದ ಪೆಟ್ರೋಲು ಅರ್ಧ ನಿಮಿಷಕ್ಕೆ ಸಾಕಿತ್ತು. ಬೆರಿಲ್ ಕೀಲಿ ತಿರುಗಿಸಿದಳು. ಬಡಿತವಿಲ್ಲ; ಎಂಜಿನ್ ಎಣ್ಣೆ ಹರಿದಂತೆ ನುಣ್ಣಗೆ ಓಡಿತು.

ಬಡಿತ ಹೋಯಿತೆಂದು ಹೇಳಲು ಅವಳು ತಲೆಯೆತ್ತಿದರೆ ಅವನು ಆಗಲೇ ಕೋಲು ಕಚ್ಚಿ ಕಣ್ಣು ಮುಚ್ಚಿದ್ದ. ಪೆಟ್ರೋಲು ತೀರಿ ಎಂಜಿನ್ ತಾನಾಗಿ ನಿಂತ ಮೇಲೂ ಕೋಲು ಬಿಡಲಿಲ್ಲ.

ಚಹಾ ಆರುತ್ತಿತ್ತು. ಕ್ಲಾರಿ ಕೋಲು ಹಿಡಿದು ನೀರಿನ ಪಂಪಿನ ಬಳಿ ಹೋದ, ಫ್ರಿಜ್ಜಿನ ಬಳಿ ಹೋದ, ಕೊನೆಗೆ ಮಾಡು ಹೊತ್ತ ಜಗಲಿಯ ಕಂಬಕ್ಕೆ ಅದನ್ನು ಆನಿಸಿ, ಕಚ್ಚಿ ನಿಂತ. ಸ್ವಲ್ಪ ಹೊತ್ತಿಗೆ ಎರಡು ಬೆರಳು ಎತ್ತಿ ತೋರಿಸಿದ.

ಬೆರಿಲ್ ಅಂಗಳಕ್ಕಿಳಿದು ನೋಡಿದಳು. ತಗಡಿನ ಮಾಡಿನ ಮೇಲೆ ಎರಡು ಮ್ಯಾಗ್‌ಪೈ ಹಕ್ಕಿಗಳು ಬಿಸಿಲಿನಲ್ಲಿ ನಡೆದಾಡುತ್ತಿದ್ದವು.