ಹೊಟ್ಟೆ ಕಟ್ಟಿದ ವಾರ್ಡು

ಆರೋಗ್ಯ ಇಲಾಖೆಯವರು ಹಿಡಿದುಕೊಂಡು ಹೋಗಲು ಬಂದಾಗ ಗ್ಲಿಸೆರಿಯಾ ಮನಿಲಾದ ಹಡಗುಕಟ್ಟೆಯಲ್ಲಿ ಹಮಾಲಿಗಳಿಗೆ ಗೋತೊ ಬಡಿಸುತ್ತಿದ್ದಳು. ಶುಂಠಿ ಜಜ್ಜಿ ಹಾಕಿ, ದನದ ಕರುಳು ಬೆಣ್ಣೆಯಂತಾಗುವವರೆಗೆ ಕುದಿಸಿದ ಅಕ್ಕಿಗಂಜಿ ಅದು. ಅವಳ ಕೈಯ ಗೋತೊ ಕುಡಿಯದೆ ತೊಂದೊ ಕೇರಿಯ ಯಾವ ಹಮಾಲಿಯೂ ಮೂಟೆ ಎತ್ತುತ್ತಿರಲಿಲ್ಲ.

“ನಂಗೇನು ರೋಗ ಬಂದಿದೆಯಪ್ಪಾ? ಈ ತೋಳು ನೋಡು. ನಿನ್ನನ್ನೂ ನಿನ್ನ ಗಾಡೀನೂ ಒಟ್ಟಿಗೆ ಎತ್ತಿ ಸಮುದ್ರಕ್ಕೆ ಬಿಸಾಕ್ತೀನಿ!”

“ರೋಗ ಇಲ್ಲ, ಸೆರಿಯಾ ಅಕ್ಕಾ. ಹೊಟ್ಟೇಲಿ ಕಾಲರಾ ಕ್ರಿಮಿ ಇದೆ, ಅಷ್ಟೆ,” ಅಂದನಂತೆ ಇನ್‌ಸ್ಪೆಕ್ಟರು. “ನಿಮಗೇನೂ ಆಗಲ್ಲ. ನಿಮ್ಮಿಂದ ಬೇರೆಯವರಿಗೆ ಆಗುತ್ತೆ.”

ಹಿಂದಿನ ವಾರ ಅವಳ ಓಣಿಯಲ್ಲಿ ಒಬ್ಬ ಕಾಲರಾದಿಂದ ಸತ್ತಿದ್ದ. ಓಣಿಯವರೆಲ್ಲರ ಮಲ ತೆಗೆದುಕೊಂಡು ಹೋಗಿ ಪರೀಕ್ಷೆ ಮಾಡಿದ್ದರು. ಅದರಲ್ಲಿ ಸಿಕ್ಕಿಬಿದ್ದವಳು ಇವಳೊಬ್ಬಳೇ. ಈ ಕಥೆಯನ್ನು ಆಮೇಲೆ ಅವಳೇ ನನಗೆ ಎಷ್ಟೋ ಸಲ ಹೇಳಿದಳು. ಹೇಳಿದಂತೆಲ್ಲ ಆ ಇನ್‌ಸ್ಪೆಕ್ಟರು ಇನ್ನಷ್ಟು ಕುಳ್ಳಗಾಗುತ್ತ ಹೋದ.

ನಾನು ಎಪಿಫೇನಿಯಾ. ಎಲ್ಲರ ಬಾಯಲ್ಲೂ ಪನ್ಯಾಂಗ್. ಬಟ್ಟೆ ಒಗೆಯುವವಳು. ನನ್ನನ್ನು ಅವಳಿಗಿಂತ ಮೊದಲೇ ಹಿಡಿದು ತಂದಿದ್ದರು. ಅವಳಿಗೆ ಸಿಕ್ಕ ಮಂಚ ನನ್ನ ಪಕ್ಕದ್ದು.

ಆ ವಾರ್ಡಿನಲ್ಲಿ ಮೂವತ್ತು ಹೆಂಗಸರಿದ್ದೆವು. ಒಬ್ಬರಿಗೂ ಕಾಯಿಲೆಯಿಲ್ಲ. ಮೀನು ಮಾರುವವರು, ಚುಟ್ಟ ಸುತ್ತುವವರು, ಒಬ್ಬಳು ಶ್ರೀಮಂತರ ಮನೆಯ ಅಡುಗೆಯವಳು. ಎಲ್ಲರ ಬಟ್ಟೆ ಕಸಿದು ಒಂದೇ ತರದ ಬೂದು ಅಂಗಿ ತೊಡಿಸಿದ್ದರು. ಊಟಕ್ಕೆ ಉಪ್ಪಿಲ್ಲದ ಸೂಪು, ಒಣ ಬ್ರೆಡ್ಡು. ನಮ್ಮವರು ಬಂದರೆ ಕಬ್ಬಿಣದ ಬೇಲಿಯಾಚೆ ನಿಂತು ಕೂಗಬೇಕು. ದಿನಾ ಬೆಳಿಗ್ಗೆ ವಾರ್ಡಿನ ಜವಾನ ಮಾಂಗ್ ಪೋನ್ಸೊ ಒಬ್ಬೊಬ್ಬರಿಗೂ ಮುಚ್ಚಳವಿದ್ದ ತಗಡಿನ ಡಬ್ಬಿ ಕೊಟ್ಟು ಹೋಗುತ್ತಿದ್ದ. ಮಧ್ಯಾಹ್ನ ಅವು ತುಂಬಿ ಪ್ರಯೋಗಾಲಯಕ್ಕೆ ಹೋಗಬೇಕು. ಸತತ ಮೂರು ಸಲ ಕ್ರಿಮಿ ಕಾಣದಿದ್ದರೆ ಮನೆಗೆ ಬಿಡುತ್ತೇವೆ ಅಂದಿದ್ದರು. ಆದರೆ ಯಾರದರಲ್ಲಿ ಕಂಡಿತು, ಯಾರದರಲ್ಲಿ ಇಲ್ಲ, ಒಂದೂ ಹೇಳುತ್ತಿರಲಿಲ್ಲ. ಕೇಳಿದರೆ “ಇನ್ನೂ ಇದೆ” ಅನ್ನುವುದು, ಮುಂದೆ ಹೋಗುವುದು.

ಗ್ಲಿಸೆರಿಯಾ ಬಂದ ಮೊದಲ ವಾರವೇ ಡಾಕ್ಟರ್ ಲಾಕ್ಸಮಾನಾರಿಗೆ ಅಡ್ಡ ನಿಂತಳು. ಅವರು ನಮ್ಮವರೇ, ಇನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ. ಆಗ ನಮ್ಮನ್ನಾಳುತ್ತಿದ್ದ ಅಮೆರಿಕನ್ನರಲ್ಲಿ ಒಬ್ಬರಾದ ದೊಡ್ಡ ಡಾಕ್ಟರ್ ಪ್ರೆಂಟಿಸರ ಕೈಕೆಳಗೆ ಕೆಲಸ ಮಾಡುತ್ತಿದ್ದರು.

“ಇದೆ ಇದೆ ಅಂತೀರಲ್ಲ ಡಾಕ್ಟ್ರೇ, ಎಲ್ಲಿದೆ? ತೋರಿಸಿ.”

“ಅದು ಬರಿಗಣ್ಣಿಗೆ ಕಾಣಲ್ಲಮ್ಮಾ.”

“ನಿಮಗೆ ಹೇಗೆ ಕಾಣ್ತು ಮತ್ತೆ? ನಿಮ್ಮ ಕಣ್ಣೇನು ಬೆಳ್ಳೀದಾ?”

ವಾರ್ಡೆಲ್ಲ ಗೊಳ್ಳೆಂದಿತು. ಲಾಕ್ಸಮಾನಾ ಕೆಂಪಾದರು. ಆದರೆ ಒಳ್ಳೆಯ ಮನುಷ್ಯ. ಮಾರನೆಯ ದಿನ ಅವಳನ್ನು ಪ್ರಯೋಗಾಲಯಕ್ಕೆ ಕರೆದುಕೊಂಡು ಹೋಗಿ ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು.

ಅವಳು ತಿರುಗಿ ಬಂದಾಗ ಮುಖದಲ್ಲಿ ನಗುವಿರಲಿಲ್ಲ. ಮಂಚದ ಮೇಲೆ ಕೂತು ಅಂಗೈ ನೋಡಿಕೊಂಡಳು.

“ಇದ್ದಾವೆ, ಪನ್ಯಾಂಗ್. ಬುಟ್ಟೀಲಿ ಮೀನಿನ ಮರಿ ಒದ್ದಾಡ್ತಾವಲ್ಲ, ಹಾಗೆ. ಕತ್ತರಿಸಿ ಹಾಕಿದ ಉಗುರಿನ ಹಾಗೆ ಸೊಟ್ಟಗೆ, ಪುಟುಪುಟು ಅಂತ ಓಡಾಡ್ತಾವೆ. ಎಲ್ಲಾ ನನ್ನವೇ.”

“ನಿನ್ನ ಪಾತ್ರೆ ಮೂರು ಹೊತ್ತೂ ಕುದೀತಾ ಇರುತ್ತಲ್ಲೇ. ಅದರಲ್ಲಿ ಯಾವ ಹುಳ ಬದುಕುತ್ತೆ?”

“ಪಾತ್ರೆ ಕುದಿಯುತ್ತೆ. ಬಟ್ಟಲು? ಬಟ್ಟಲನ್ನ ಕಾಲುವೆ ನೀರಲ್ಲಿ ಅದ್ದಿ, ಇದೇ ಕೈಯಲ್ಲಿ ಒರೆಸಿ ಕೊಡ್ತಿದ್ದೆ.” ಅಂಗೈಯನ್ನು ಅಂಗಿಗೆ ಉಜ್ಜಿಕೊಂಡಳು. “ನಮ್ಮ ಓಣೀಲಿ ಸತ್ತನಲ್ಲ ಮೆಲಾನಿಯೊ. ದಿನಾ ನನ್ನ ಹತ್ರಾನೇ ಕುಡೀತಿದ್ದ. ನನ್ನಿಂದಾನೋ ಅಲ್ವೋ, ಯಾರು ಹೇಳ್ತಾರೆ?”

ಯಾರೂ ಹೇಳುವಂತಿರಲಿಲ್ಲ. ಆವತ್ತಿನಿಂದ ಅವಳು ಕೈ ತೊಳೆಯುವ ಪರಿ ನೋಡಬೇಕಿತ್ತು. ಮೊಣಕೈವರೆಗೆ, ಸೋಪು ಸವೆದು ಹೋಗುವಂತೆ. ನಾವು ಯಾರಾದರೂ ಮರೆತರೆ ಬೈಗುಳ ಖಂಡಿತ. ಕ್ರಿಮಿ ಅನ್ನುವುದು ಅಮೆರಿಕನ್ನರು ಕಟ್ಟಿದ ಕಥೆ ಎಂದು ನಂಬಿದ್ದ ನಾವೆಲ್ಲ ಡಾಕ್ಟರು ಹೇಳಿದ್ದನ್ನು ನಂಬದಿದ್ದರೂ ಅವಳು ಹೇಳಿದ್ದನ್ನು ನಂಬಿದೆವು.

ಅಷ್ಟರಲ್ಲಿ ಲಿಯೋನ್ಸಿಯಾಳನ್ನು ತಂದರು. ಚುಟ್ಟದ ಕಾರ್ಖಾನೆಯ ಹುಡುಗಿ, ಮನೆಯಲ್ಲಿ ಹಾಲು ಕುಡಿಯುವ ಕೂಸು. ಅವಳತ್ತೆ ಕೂಸನ್ನು ಎತ್ತಿಕೊಂಡು ಬೇಲಿಯ ಹತ್ತಿರ ಬರುತ್ತಿದ್ದಳು. ಕೂಸು ಆಚೆ ಅಳುವುದು, ಈಚೆ ಇವಳ ಅಂಗಿಯ ಮುಂಭಾಗ ಹಾಲಿನಲ್ಲಿ ತೊಯ್ಯುವುದು. ಕಾವಲಿನವನು ಹತ್ತಿರ ಬಿಡುತ್ತಿರಲಿಲ್ಲ. ಕೂಸಿಗೆ ಅಕ್ಕಿ ತೊಳೆದ ನೀರಿಗೆ ಸಕ್ಕರೆ ಹಾಕಿ ಕುಡಿಸುತ್ತಿದ್ದರು. ಬರಬರುತ್ತ ಅದರ ಅಳು ಸಣ್ಣಗಾಯಿತು.

ಗ್ಲಿಸೆರಿಯಾ ಲಾಕ್ಸಮಾನಾರನ್ನು ಕೇಳಿದಳು. ಅವರು ಪ್ರೆಂಟಿಸರನ್ನು ಕೇಳಿದರು. ಆಗುವುದಿಲ್ಲ ಎಂದು ಉತ್ತರ ಬಂತು. ಅದರ ಬಾಲಕ್ಕೆ ಇನ್ನೊಂದು ಸುದ್ದಿಯೂ ಬಂತು. ಇನ್ನು ಮುಂದೆ ಸತತ ಮೂರು ಸಾಲದು, ಐದು ಸಲ ಕ್ರಿಮಿ ಕಾಣದೆ ಇರಬೇಕು.

ವಾರ್ಡಿನಲ್ಲಿ ಅಳು, ಶಾಪ, ಗಲಾಟೆ. ಗ್ಲಿಸೆರಿಯಾ ಮಾತ್ರ ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಯೋಚಿಸುತ್ತಿದ್ದಳು. ಆಮೇಲೆ ಕೈ ತಟ್ಟಿದಳು.

“ಏ, ಬಾಯಿ ಮುಚ್ಚಿ ಇಲ್ಲಿ ಕೇಳ್ರೇ. ಇವರಿಗೆ ನಮ್ಮಿಂದ ಬೇಕಾಗಿರೋದು ಏನು?”

“ನಮ್ಮ ಜೀವ!” ಅಂದಳು ಮೀನಿನವಳು.

“ನಿನ್ನ ಜೀವ ಇಟ್ಕೊಂಡು ಅವರೇನು ಮಾಡ್ತಾರೆ, ಉಪ್ಪು ಹಚ್ಚಿ ಒಣಗಿಸ್ತಾರಾ? ಅವರಿಗೆ ಬೇಕಾಗಿರೋದು ಒಂದೇ. ಆ ಡಬ್ಬೀಲಿ ಬೀಳೋದು. ಅದನ್ನ ಕೊಡೋದು ಬೇಡ.”

ಒಂದು ಗಳಿಗೆ ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ನಗು ತಡೆಯಲಾಗಲಿಲ್ಲ. ಲಿಯೋನ್ಸಿಯಾ ಕೂಡ ಕಣ್ಣೊರೆಸಿಕೊಂಡು ನಕ್ಕಳು.

“ಆದರೆ ಒಂದು ಮಾತು,” ಅಂದಳು ಗ್ಲಿಸೆರಿಯಾ. “ಎಲ್ಲೆಂದರಲ್ಲಿ ಮಾಡೋ ಹಾಗಿಲ್ಲ. ಹಿಂದಿನ ಪಾಯಿಖಾನೆಗೆ ಹೋಗಿ, ಮೇಲೆ ಬಕೀಟು ತುಂಬಾ ಸುಣ್ಣ ಸುರೀಬೇಕು. ಆ ಹುಳಗಳ ಜೊತೆಗೂ ನಂಗೆ ಜಗಳ ಇದೆ.”

ಮರುದಿನ ಮಧ್ಯಾಹ್ನ ಮಾಂಗ್ ಪೋನ್ಸೊ ಬಂದಾಗ ಅಷ್ಟೂ ಡಬ್ಬಿಗಳು ಸಾಲಾಗಿ ಕೂತಿದ್ದವು. ಬೂದಿ ಹಾಕಿ ಉಜ್ಜಿದ್ದೆವು, ಮುಖ ಕಾಣುವ ಹಾಗೆ ಹೊಳೆಯುತ್ತಿದ್ದವು. ಅವನು ಒಂದರ ಮುಚ್ಚಳ ತೆಗೆದ. ಇನ್ನೊಂದರದ್ದು ತೆಗೆದ.

“ಏನಿದು?”

“ಹೊಟ್ಟೆ ಕಟ್ಟಿದೆ, ಮಾಂಗ್ ಪೋನ್ಸೊ,” ಅಂದೆ ನಾನು.

“ಎಲ್ಲರಿಗೂ?”

“ನಿಮ್ಮ ಬ್ರೆಡ್ಡು ಹಾಗಿದೆ,” ಅಂದಳು ಅಡುಗೆಯವಳು.

ಮರುದಿನವೂ ಹೊಟ್ಟೆ ಕಟ್ಟಿತ್ತು. ಅದರ ಮರುದಿನ ನರ್ಸು ಹರಳೆಣ್ಣೆಯ ಬಾಟಲಿ ಹಿಡಿದು ಬಂದಳು. ಎಲ್ಲರಿಗೂ ಒಂದೊಂದು ಲೋಟ. ಗ್ಲಿಸೆರಿಯಾ ಮೊದಲು ಕುಡಿದು, ಬಾಯಿ ಒರೆಸಿಕೊಂಡು, “ಇನ್ನೊಂದು ಸ್ವಲ್ಪ ಕೊಡಮ್ಮಾ, ಚೆನ್ನಾಗಿದೆ” ಅಂದಳು. ಆವತ್ತು ಮಧ್ಯಾಹ್ನ ನಮ್ಮ ಪಾಡು ದೇವರಿಗೇ ಗೊತ್ತು. ಪಾಯಿಖಾನೆಯ ಮುಂದೆ ಸಾಲು, ಸಾಲಿನಲ್ಲಿ ಕುಣಿತ, “ಬೇಗ ಬಾರೇ ಹೊರಗೆ!” ಅನ್ನುವ ಕೂಗು. ಸುಣ್ಣದ ರಾಶಿ ಅರ್ಧಕ್ಕಿಳಿಯಿತು. ನರ್ಸು ಬಾಗಿಲಲ್ಲಿ ಕಾವಲು ನಿಂತಳು. ಎಷ್ಟು ಜನರನ್ನು ತಾನೇ ತಡೆದಾಳು? ಕೊನೆಗೆ ಅವಳೇ ಮುಖಕ್ಕೆ ಏಪ್ರನ್ ಮುಚ್ಚಿಕೊಂಡು ನಗುತ್ತ ಓಡಿದಳು. ಸಂಜೆ ಹೊತ್ತಿಗೆ ಡಬ್ಬಿಗಳು ಮಾತ್ರ ಖಾಲಿಯೇ.

ನಾಲ್ಕನೆಯ ದಿನ ಪ್ರೆಂಟಿಸರೇ ಬಂದರು. ಉದ್ದನೆಯ ಆಳು, ಬಿಳಿ ಸೂಟು. ಮನಿಲಾದಿಂದ ಹೊರಟ ಹಡಗುಗಳನ್ನು ಹೊರಗಿನ ಬಂದರುಗಳು ಒಳಗೆ ಬಿಟ್ಟುಕೊಳ್ಳಬೇಕಾದರೆ, ಇಲ್ಲಿ ಕ್ರಿಮಿ ಹೊತ್ತವರೆಷ್ಟು, ಗುಣವಾದವರೆಷ್ಟು ಎಂದು ಅವರು ವಾರವಾರವೂ ತಂತಿ ಕಳಿಸಬೇಕಿತ್ತು. ಈ ವಾರ ಕಳಿಸಲು ಏನೂ ಇರಲಿಲ್ಲ. ಲಾಕ್ಸಮಾನಾ ದುಭಾಷಿಯಾಗಿ ಪಕ್ಕದಲ್ಲಿ ನಿಂತರು.

ಪ್ರೆಂಟಿಸ್ ಗುಡುಗಿದರು. ಲಾಕ್ಸಮಾನಾ ಮೆತ್ತಗೆ ಹೇಳಿದರು: “ನೀವು ಹೀಗೆ ಮಾಡಿದರೆ ಊರಿಗೇ ಅಪಾಯ ಅಂತಿದ್ದಾರೆ.”

ಗ್ಲಿಸೆರಿಯಾ ಎದ್ದು ನಿಂತಳು. ಅವಳ ತಲೆ ಪ್ರೆಂಟಿಸರ ಎದೆಗೂ ಬರುತ್ತಿರಲಿಲ್ಲ.

“ಅಪಾಯ ಗೊತ್ತು ಅಂತ ಹೇಳಿ. ನನ್ನ ಕಣ್ಣಾರೆ ನೋಡಿದ್ದೀನಿ. ನನ್ನ ಬಟ್ಟಲಿಂದ ಒಬ್ಬ ಸತ್ತಿದ್ದರೂ ಸತ್ತಿರಬಹುದು, ಅದು ಇಲ್ಲಿ ಕೂತಿದೆ,” ಎಂದು ಎದೆ ಮುಟ್ಟಿಕೊಂಡಳು. “ಹುಳ ಸಾಯೋವರೆಗೆ ನಾವೇ ಇಲ್ಲಿರ್ತೀವಿ. ಓಡಿಹೋಗಲ್ಲ. ಆದರೆ ನಾವು ಹುಳ ಅಲ್ಲ, ಹುಳ ಇರೋ ಮನುಷ್ಯರು. ದಿನಾ ಬೆಳಿಗ್ಗೆ ಒಬ್ಬೊಬ್ಬರ ಹೆಸರು ಕರೆದು, ನಿನ್ನದರಲ್ಲಿ ಇತ್ತು, ನಿನ್ನದರಲ್ಲಿ ಇರಲಿಲ್ಲ ಅಂತ ಹೇಳಬೇಕು. ಮೂರು ಅಂದಮೇಲೆ ಮೂರೇ. ಅಡುಗೆ ನಮ್ಮದು, ಅಕ್ಕಿ ಮೀನು ನಿಮ್ಮದು. ಈ ಹುಡುಗಿ ಕೂಸಿಗೆ ಹಾಲು ಕೊಡಬೇಕು. ಹೇಗೆ ಕೊಟ್ಟರೆ ಕೂಸಿಗೆ ಹುಳ ಹತ್ತಲ್ಲ ಅಂತ ಕಲಿತವರು ನೀವು ಹೇಳಿ, ಅವಳು ಹಾಗೇ ಮಾಡ್ತಾಳೆ.”

ಲಾಕ್ಸಮಾನಾ ಇಂಗ್ಲಿಷಿನಲ್ಲಿ ಒಂದು ಸಾಲು ಹೇಳಿದರು.

“ಡಾಕ್ಟ್ರೇ, ನಾನು ಇಷ್ಟುದ್ದ ಹೇಳಿದೆ, ನೀವು ಅಷ್ಟೇ ಅಷ್ಟು ಹೇಳಿದ್ರಲ್ಲ? ಎದೇದೂ ಹೇಳಿದ್ರಾ?”

ಲಾಕ್ಸಮಾನಾ ಮತ್ತೆ ಪ್ರೆಂಟಿಸರ ಕಡೆ ತಿರುಗಿದರು. ಈ ಸಲ ಎಲ್ಲವನ್ನೂ ಹೇಳಿದರೆಂದು ಕಾಣುತ್ತದೆ. ಬಹಳ ಹೊತ್ತು ಹೇಳಿದರು. ಹೇಳುತ್ತ ಹೇಳುತ್ತ ಅವರ ದನಿಯೂ ಏರಿತು. ಕೊನೆಕೊನೆಗೆ ಅದು ಬರೀ ಅವಳ ಮಾತಾಗಿರಲಿಲ್ಲ, ಅವರದ್ದೂ ಸೇರಿಕೊಂಡಿತ್ತು. ಪ್ರೆಂಟಿಸ್ ಹುಬ್ಬೇರಿಸಿ ಅವರನ್ನೇ ನೋಡಿದರು. ಆಮೇಲೆ ಏನೋ ಕೇಳಿದರು.

“ಒಪ್ಪದಿದ್ದರೆ ಏನು ಮಾಡ್ತೀರಿ ಅಂತ ಕೇಳ್ತಿದ್ದಾರೆ.”

“ಏನೂ ಮಾಡಲ್ಲ ಅಂತ ಹೇಳಿ. ಅದೇ ತಾನೇ ನಾವು ಈಗ ಮಾಡ್ತಿರೋದು.”

ಮೊದಲು ನಕ್ಕವನು ಮಾಂಗ್ ಪೋನ್ಸೊ. ಬಾಗಿಲ ಹಿಂದಿನಿಂದ. ಆಮೇಲೆ ನಾವೆಲ್ಲ. ಪ್ರೆಂಟಿಸ್ ನಗಲಿಲ್ಲ. ಹೊಳೆಯುವ ಡಬ್ಬಿಯೊಂದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿ, ಕೆಳಗಿಟ್ಟು, ಲಾಕ್ಸಮಾನಾರಿಗೆ ಎರಡು ಮಾತು ಹೇಳಿ ಹೊರಟುಹೋದರು.

“ಏನಂದ್ರು? ಏನಂದ್ರು?” ಎಲ್ಲರೂ ಮುತ್ತಿಕೊಂಡೆವು.

“ನೀನೇ ನಡೆಸಿಕೊಂಡು ಹೋಗು ಅಂದ್ರು,” ಅಂದರು ಲಾಕ್ಸಮಾನಾ. ಅವರಿಗೇ ನಂಬಿಕೆ ಬಂದಿರಲಿಲ್ಲ. “ನಾಲ್ಕೂ ಒಪ್ಪಿದ್ರು. ಕೂಸಿನದ್ದೂ.”

ವಾರ್ಡು ಹಾರಿಹೋಗುವಂತೆ ಕಿರುಚಿದೆವು. ಮೀನಿನವಳು ಡಾಕ್ಟರ ಕೆನ್ನೆಗೆ ಮುತ್ತಿಡಲು ಹೋದಳು. “ಕೈ ತೊಳೆದಿದ್ದೀಯೇನೇ?” ಎಂದು ಗ್ಲಿಸೆರಿಯಾ ಅವಳ ಜಡೆ ಹಿಡಿದು ಎಳೆದಳು.

ಆ ಮಧ್ಯಾಹ್ನವೇ ಅಂಗಳದ ಕಾವಲುಗಾರನ ಗುಡಿಸಲಿಗೆ ಲಿಯೋನ್ಸಿಯಾಳ ಅತ್ತೆಯೂ ಕೂಸೂ ಬಂದಿಳಿದರು. ಲಾಕ್ಸಮಾನಾ ಹೇಳಿದ ಹಾಗೆ ಲಿಯೋನ್ಸಿಯಾ ಕೈ ಎದೆಯೆಲ್ಲ ಕುದಿಸಿದ ನೀರಿನಲ್ಲಿ ಸೋಪು ಹಚ್ಚಿ ತೊಳೆದು, ಒಗೆದು ಕುದಿಸಿದ ಬಟ್ಟೆ ತೊಟ್ಟಳು. ಆ ಬಟ್ಟೆ ಒಗೆದದ್ದು ನಾನು. ನರ್ಸು ಪಕ್ಕದಲ್ಲೇ ಕೂತಳು. ಕೂಸು ಮೊದಲು ಮುಖ ತಿರುಗಿಸಿತು, ಮರೆತೇ ಹೋಗಿತ್ತೋ ಏನೋ. ಆಮೇಲೆ ಒಮ್ಮೆಲೇ ಬಾಯಿ ಹಾಕಿ ಹಿಡಿಯಿತು. ಜಗಲಿಯಲ್ಲಿ ನಾವೆಲ್ಲ ಉಸಿರು ಬಿಗಿಹಿಡಿದು ನಿಂತಿದ್ದೆವು. ಅದು ಗುಟುಕರಿಸುವ ಸದ್ದು ಅಲ್ಲಿಯವರೆಗೆ ಕೇಳಿಸಿತು.

ಮಾರನೆಯ ಮಧ್ಯಾಹ್ನ ಡಬ್ಬಿಗಳು ತುಂಬಿಕೊಂಡು ಹೋದವು. ಮಾಂಗ್ ಪೋನ್ಸೊ ಹೊರಲಾರದೆ ತಳ್ಳುಗಾಡಿ ತಂದ.

ಅಲ್ಲಿಂದ ಮುಂದೆ ಬೆಳಗಿನ ಹೊತ್ತು ಜಾತ್ರೆಯೇ ಆಗಿಹೋಯಿತು. ಲಾಕ್ಸಮಾನಾ ಜಗಲಿಯ ಮೇಲೆ ನಿಂತು ಹೆಸರು ಕೂಗುವರು. “ಇಲ್ಲ” ಅಂದರೆ ಚಪ್ಪಾಳೆ. “ಇದೆ” ಅಂದರೆ ಎಲ್ಲರೂ ಸೇರಿ ಆ ಹುಳಗಳಿಗೆ ಬೈಗುಳ. ಬೇಲಿಯಾಚೆ ನಿಂತ ಗಂಡಂದಿರು ಬಾಜಿ ಕಟ್ಟುತ್ತಿದ್ದರಂತೆ. ಒಬ್ಬೊಬ್ಬರಾಗಿ ಹೊರಟರು. ಲಿಯೋನ್ಸಿಯಾ ಹೋದಳು, ಕೂಸಿನ ಡಬ್ಬಿಯಲ್ಲೂ ಏನೂ ಸಿಕ್ಕಿರಲಿಲ್ಲ. ನಾನೂ ಹೋದೆ. ಗ್ಲಿಸೆರಿಯಾ ಮಾತ್ರ ಉಳಿದಳು. ಎರಡು ಸಲ “ಇಲ್ಲ” ಬಂದು ಮೂರನೆಯದು “ಇದೆ” ಆಗುತ್ತಿತ್ತು. ಹೊಸಬರು ಬಂದರೆ ಅವರಿಗೆ ಕೈ ತೊಳೆಯುವುದನ್ನು ಕಲಿಸುತ್ತ, ಅವರ ಮುಂದೆ ನಗುನಗುತ್ತ ಇದ್ದಳು. ಬೇಲಿಯ ಹತ್ತಿರ ನನ್ನೊಬ್ಬಳ ಮುಂದೆ ಒಮ್ಮೆ ಅತ್ತಳು. “ಸಾಯೋವರೆಗೂ ಬಿಡಲ್ವೇನೋ ಇವು, ಪನ್ಯಾಂಗ್.”

ಬಿಟ್ಟವು. ಒಂದು ಬುಧವಾರ ಲಾಕ್ಸಮಾನಾ ಮೂರನೆಯ “ಇಲ್ಲ”ವನ್ನು ಎಷ್ಟು ಜೋರಾಗಿ ಕೂಗಿದರೆಂದರೆ ಬೀದಿಯಲ್ಲಿ ಹೋಗುತ್ತಿದ್ದ ಕುದುರೆ ಬೆದರಿತು.

ಸುದ್ದಿ ಹಡಗುಕಟ್ಟೆಗೆ ಹಾರಿತು. ಹಮಾಲಿಗಳು ಮೂಟೆಗಳನ್ನು ಇದ್ದಲ್ಲೇ ಬಿಟ್ಟು, ತಮ್ಮ ಸಂಘದ ಬ್ಯಾಂಡು ಕಟ್ಟಿಕೊಂಡು ಆಸ್ಪತ್ರೆಯ ಬಾಗಿಲಿಗೆ ಬಂದರು. ನಾವು ಹಳೆಯ ವಾರ್ಡಿನವರೂ ಸೇರಿದ್ದೆವು, ಕೂಸನ್ನು ಎತ್ತಿಕೊಂಡು ಲಿಯೋನ್ಸಿಯಾ ಎಲ್ಲರಿಗಿಂತ ಮುಂದೆ. ಎಷ್ಟು ಹೊತ್ತಾದರೂ ಗ್ಲಿಸೆರಿಯಾ ಹೊರಗೆ ಬರಲಿಲ್ಲ. ಒಳಗಿನಿಂದ ಅವಳ ಕೂಗು ಮಾತ್ರ ಕೇಳುತ್ತಿತ್ತು.

“ಇದು ನನ್ನ ಲಂಗಾನಾ? ಯಾವ ಮಗೂದು ಇದು?”

ಕ್ರಿಮಿ ಸಾಯಲಿ ಎಂದು ಅವಳ ಲಂಗವನ್ನು ಹಬೆಯಲ್ಲಿ ಬೇಯಿಸಿದ್ದರು. ಅದು ಕುಗ್ಗಿ ಮೊಣಕಾಲಿಗೆ ಬಂದಿತ್ತು. ಕೊನೆಗೆ ಹಾಗೆಯೇ ಹೊರಬಂದಳು. ದಪ್ಪನೆಯ ಮೀನಖಂಡ ಎರಡೂ ಬಿಸಿಲಿಗೆ ಮಿಂಚುತ್ತಿದ್ದವು. ಜನ ಹೋ ಎಂದಿತು. ಅವಳು ಸೊಂಟದ ಮೇಲೆ ಕೈಯಿಟ್ಟು ಎಲ್ಲರನ್ನೂ ದುರುಗುಟ್ಟಿ ನೋಡಿದಳು.

“ಏನು ನೋಡ್ತೀರೋ? ಕಾಲು ನೋಡಿಲ್ವಾ? ಬ್ಯಾಂಡಿನವರೇ, ಗಾಳಿ ಖಾಲಿಯಾಯ್ತಾ? ಊದ್ರೋ!”

ಅವರು ಊದಿದರು. ಅವಳು ಕೂಸನ್ನು ಲಿಯೋನ್ಸಿಯಾಳ ಕೈಯಿಂದ ತೆಗೆದುಕೊಂಡು ಭುಜದ ಮೇಲೆ ಕೂರಿಸಿಕೊಂಡು, ತುತ್ತೂರಿಯವನಿಗಿಂತ ಎರಡು ಮಾರು ಮುಂದೆ, ನಡುಬೀದಿಯಲ್ಲಿ ತೊಂದೊದ ಕಡೆಗೆ ಹೆಜ್ಜೆ ಹಾಕಿದಳು. ಟ್ರಾಮು ನಿಂತಿತು. ಪೊಲೀಸಿನವನು ಪಕ್ಕಕ್ಕೆ ಸರಿದ. ಅವಳ ನಡಿಗೆಗೆ ಸರಿಹೊಂದಲು ನಾವೆಲ್ಲ ಓಡಬೇಕಾಯಿತು.