ಅಜ್ಜಿ ಟ್ಯಾಂಕು

ಲಹರಿ ಆ ಚಿಪ್‌ಗೆ ಹೇಳಬೇಕಾಗಿದ್ದದ್ದು ಒಂದೇ ಮಾತು: ಸಂಪಿನಲ್ಲಿ ನೀರಿದ್ದು, ಮೇಲಿನ ಟ್ಯಾಂಕು ತುಂಬದೇ ಇದ್ದರೆ ಮೋಟಾರು ಓಡಿಸು, ಇಲ್ಲವಾದರೆ ನಿಲ್ಲಿಸು. ಉಗುರಿನಷ್ಟು ಚಿಪ್‌ಗೆ ಅಷ್ಟು ಸಾಕು. ಆದರೆ ಆ ಒಂದು ಮಾತನ್ನು ಅದರ ಕಿವಿಗೆ ಮುಟ್ಟಿಸುವ ಸಾಫ್ಟ್‌ವೇರು ಇಳಿಯುವುದಕ್ಕೇ ಬೋಗಾದಿಯ ಬಾಡಿಗೆ ರೂಮಿನ ವೈಫೈ ಒಂದಿಡೀ ದಿನ ತಿಂದಿತು. ಇಳಿದ ಮೇಲೆ ಖಾತೆ ತೆರೆ ಎಂದಿತು. ತೆರೆದರೆ ಲೈಸೆನ್ಸ್ ತಾ ಎಂದಿತು. ನಿಮ್ಮ ಕಂಪನಿಯಲ್ಲಿ ಎಂಜಿನಿಯರುಗಳು ಎಷ್ಟು ಎಂದು ಬೇರೆ ಕೇಳಿತು. ಡಿಪ್ಲೊಮಾ ಇನ್ನೂ ಮುಗಿಯದ ಲಹರಿ ‘ಒಬ್ಬಳು’ ಎಂದು ತುಂಬಿದಳು.

ಕೆಳಗಿನ ಮನೆಯ ಓನರ್ ಶಿವನಂಜಮ್ಮನಿಗೆ ಅವಳು ಮಾತು ಕೊಟ್ಟಾಗಿತ್ತು. ಟ್ಯಾಂಕು ತುಂಬಿತೇ ಎಂದು ನೋಡಲು ತಾರಸಿಗೆ ಹತ್ತಿದ್ದ ಅಜ್ಜಿ ಹೋದ ವಾರ ಪಾಚಿಗಟ್ಟಿದ ಮೆಟ್ಟಿಲಲ್ಲಿ ಜಾರಿ ಸೊಂಟ ಉಳುಕಿಸಿಕೊಂಡಿದ್ದರು. ನಾಳೆ ಮತ್ತೆ ನಲ್ಲಿಯಲ್ಲಿ ನೀರು ಬರುವ ದಿನ. ಅಷ್ಟರೊಳಗೆ ಮೋಟಾರು ತಾನೇ ನಿಲ್ಲುವ ಹಾಗೆ ಮಾಡಿಕೊಡುತ್ತೇನೆ, ನೀವು ಇನ್ನು ಹತ್ತಕೂಡದು ಎಂದಿದ್ದಳು.

ಸಂಜೆ ಲ್ಯಾಪ್‌ಟಾಪ್ ಹಿಡಿದು ಅಜ್ಜಿಯ ಜಗುಲಿಗೇ ಬಂದು ಕೂತಳು. ಅಜ್ಜಿ ಅವರೆಕಾಯಿ ಸುಲಿಯುತ್ತಿದ್ದರು.

“ಇನ್ನೂ ಬರ್ದಾಗ್ಲಿಲ್ವಾ?”

“ಬರ್ದು ನಿನ್ನೇನೇ ಆಯ್ತು ಅಜ್ಜಿ. ಒಂದು ಸಾಲು. ಒಪ್ಕೋತಿಲ್ಲ.”

“ಯಾರು?”

“ಸಾಫ್ಟ್‌ವೇರು.”

“ಯಾಕಂತೆ?”

“ಅದನ್ನ ಹೇಳ್ತಾ ಇಲ್ಲ.”

“ನಮ್ಮನೆಯವ್ರೂ ಅಂಗೇ ಕಣವ್ವ. ಮುನಿಸ್ಕೊಂಡ್ರೆ ಯಾಕಂತ ಬಾಯ್ಬುಡ್ತಿರ್ಲಿಲ್ಲ.”

ತೆರೆಯ ಮೇಲೆ ಮತ್ತೆ ಅದೇ ಕೆಂಪು ಸಾಲು: ಆಂತರಿಕ ದೋಷ, ನಿಮ್ಮ ಅಡ್ಮಿನಿಸ್ಟ್ರೇಟರನ್ನು ಕೇಳಿ. ಲಹರಿಗೆ ನಗುವುದಕ್ಕೂ ಚೈತನ್ಯವಿರಲಿಲ್ಲ. ಎರಡು ಸಲ ಸಾಫ್ಟ್‌ವೇರನ್ನೇ ಅಳಿಸಿ ಮತ್ತೆ ಹಾಕಿಕೊಂಡಾಗಿತ್ತು. ಕಣ್ಣು ಉರಿಯುತ್ತಿತ್ತು. ಕೊನೆಗೆ ಕ್ಲಾಸ್‌ಮೇಟ್ ವಿಶ್ರುತ್‌ಗೆ ಫೋನ್ ಮಾಡಿದಳು.

“ಫೈಲ್ ಯಾವ ಫೋಲ್ಡರಲ್ಲಿ ಇಟ್ಟಿದ್ದೀಯ?” ಅವನು ಕೇಳಿದ.

“ಅಜ್ಜಿ ಟ್ಯಾಂಕು.”

“ಕನ್ನಡದಲ್ಲಾ?”

“ಹೂಂ. ಇದ್ರಲ್ಲಿ ನನ್ನ ಹೆಸ್ರು ಎಲ್ಲೈತೆ ತೋರ್ಸು ಅಂದ್ರು ಓನರ್ ಅಜ್ಜಿ, ಹಾಕ್ಕೊಟ್ಟೆ.”

“ಹೋಗಿ ಹೋಗಿ ಅದಕ್ಕೆ ಕನ್ನಡ ಓದ್ಸಿದ್ದೀಯಲ್ಲ ಮಾರಾಯ್ತಿ. ಇಂಗ್ಲಿಷಲ್ಲಿ ‘ಎ’ ಅಂತಿಡು. ಬರೀ ‘ಎ’. ಹಿಂದೆ ಮುಂದೆ ಜಾಗಾನೂ ಬಿಡ್ಬೇಡ.”

ಹೆಸರು ಬದಲಾಯಿಸಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಚಿಪ್‌ನೊಳಗೆ ಆ ಒಂದು ಸಾಲು ಹೋಗಿ ಕೂತಿತು. ಎಂಜಿನಿಯರುಗಳನ್ನು ಎಣಿಸಿದ್ದ ಸಾಫ್ಟ್‌ವೇರಿಗೆ ‘ಅಜ್ಜಿ’ ಎಂಬ ಶಬ್ದ ಗಂಟಲಲ್ಲಿ ಸಿಕ್ಕಿಕೊಂಡಿತ್ತು, ಅಷ್ಟೆ.

“ನನ್ನೆಸ್ರು ತೆಗ್ದ್ಬುಟ್ಯಾ?” ಅಜ್ಜಿ ಬಗ್ಗಿ ನೋಡಿದರು.

“ಅದಕ್ಕೆ ಓದಕ್ಕೆ ಬರಲ್ಲಂತೆ ಅಜ್ಜಿ.”

ರಾತ್ರಿಯೇ ಚಿಪ್ ಅನ್ನು ಮೋಟಾರಿಗೂ, ಟ್ಯಾಂಕಿನಲ್ಲಿ ನೀರಿನ ಮಟ್ಟ ಹೇಳುವ ತೇಲುಬುರುಡೆಯ ಸ್ವಿಚ್ಚಿಗೂ ಜೋಡಿಸಿ, ಮರುದಿನ ಲಹರಿ ಕಾಲೇಜು ತಪ್ಪಿಸಿ ರೂಮಿನಲ್ಲೇ ಉಳಿದಳು. ನೀರು ಬಂತು. ಮೋಟಾರು ತಾನೇ ಗುಂಯ್ಗುಟ್ಟಿತು. ಟ್ಯಾಂಕು ತುಂಬಿದ ಹೊತ್ತಿಗೆ ಟಕ್ ಎಂದು ತಾನೇ ನಿಂತಿತು. ಅವಳು ಹಾಸಿಗೆಯ ಮೇಲೆ ಹಾಗೇ ಒರಗಿದಳು. ಆಗ ತಲೆಯ ಮೇಲೆ, ತಾರಸಿಯಲ್ಲಿ, ಯಾರೋ ಕಾಲೆಳೆದುಕೊಂಡು ನಡೆವ ಸದ್ದು.

ಓಡಿಹೋಗಿ ನೋಡಿದರೆ ಶಿವನಂಜಮ್ಮ ಟ್ಯಾಂಕಿನ ಮುಚ್ಚಳ ಎತ್ತಿ ಇಣುಕುತ್ತಿದ್ದರು.

“ಅಜ್ಜಿ, ಹತ್ತಬೇಡಿ ಅಂದಿದ್ನಲ್ಲ.”

“ತಾನೇ ನಿಂತ್ಕೊಂತಲ್ಲವ್ವ. ತುಂಬಿ ನಿಂತ್ಕೊಂತೋ, ಕೆಟ್ಟು ನಿಂತ್ಕೊಂತೋ, ಕೆಳಗಿದ್ರೆ ಎಂಗೆ ಗೊತ್ತಾಯ್ತದೆ?”

ಲಹರಿ ಅಜ್ಜಿಯ ರಟ್ಟೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿಸಿದಳು. ಅಡುಗೆಮನೆಯಲ್ಲೊಂದು ದೀಪ ಬೇಕು, ಟ್ಯಾಂಕು ತುಂಬಿದರೆ ಹತ್ತಿಕೊಳ್ಳಬೇಕು. ಚಿಪ್‌ಗೆ ಇನ್ನೊಂದು ಸಾಲು ಬರೆದರಾಯಿತು. ಲ್ಯಾಪ್‌ಟಾಪ್ ತೆರೆದಳು. ಹೊಸ ಆವೃತ್ತಿ ಬಂದಿದೆ, ಇಳಿಸಿಕೊಳ್ಳದೆ ಮುಂದುವರಿಯುವಂತಿಲ್ಲ ಎಂದಿತು ಸಾಫ್ಟ್‌ವೇರು.

ಅವಳು ಲ್ಯಾಪ್‌ಟಾಪ್ ಮುಚ್ಚಿಟ್ಟು, ಟ್ಯಾಂಕಿನ ತೇಲುಬುರುಡೆಯ ಸ್ವಿಚ್ಚಿನಿಂದ ನೇರವಾಗಿ ಅಡುಗೆಮನೆಯ ದೀಪಕ್ಕೆ ಎಳೆಯಲು ಎಷ್ಟು ಉದ್ದದ ವೈರು ಬೇಕಾದೀತು ಎಂದು ಮೆಟ್ಟಿಲ ಮೇಲೆ ಮೊಳ ಹಾಕತೊಡಗಿದಳು.